ಆಂಬುಲೆನ್ಸ್ ಬರೋ ತನಕ ನಾವೇನು ಮಾಡ್ಬೇಕಿತ್ತು ಡಾಕ್ಟ್ರೇ?

ತಿಪಟೂರು ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬರೆದಿದಾರೆ. ಪತ್ರ ಉದ್ದ ಇದೆ, ಮುಖ್ಯವಾದ ಭಾಗ ಅವರ ಮಾತಲ್ಲೇ ಹಾಕ್ತಿದೀನಿ:

“ನಮ್ಮ ಮಾವನವರಿಗೆ 63 ವರ್ಷ. ಬಿಪಿ ಮಾತ್ರೆ ತಗೋತಿದ್ರು, ಬೇರೇನೂ ತೊಂದ್ರೆ ಇರಲಿಲ್ಲ. ಎರಡು ತಿಂಗಳ ಹಿಂದೆ ಅಟ್ಟದಿಂದ ಕೊಬ್ಬರಿ ಇಳಿಸ್ತಿದ್ದೋರು ಕೆಳಗೆ ಬಂದು ಜಗಲಿ ಮೇಲೆ ಕೂತ್ರು, ಎದೆ ಹಿಡ್ಕೊಂಡಂಗಾಗ್ತಿದೆ, ಗ್ಯಾಸ್ ಇರ್ಬೇಕು ಅಂದ್ರು. ಸೋಡ ತರಿಸಿ ಕೊಟ್ವಿ. ಅರ್ಧ ಗಂಟೆ ಆದ್ಮೇಲೆ ಕೂತಲ್ಲೇ ವಾಲಿಬಿಟ್ರು. ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕಡೆ ಹುಡುಗಿ ಪ್ರಶ್ನೆ ಮೇಲೆ ಪ್ರಶ್ನೆ, ಎಚ್ಚರ ಇದಾರಾ, ಉಸಿರಾಡ್ತಿದಾರಾ, ಉಸಿರು ಹೇಗಿದೆ, ಊರಿಗೆ ಬರೋ ದಾರೀಲಿ ಏನಿದೆ ಅಂತ. ಗೊರ್ ಅಂತ ಎಳೀತಿದ್ರಲ್ಲ, ಅದಕ್ಕೆ ಉಸಿರಾಡ್ತಿದಾರೆ ಅಂದೆ. ‘ಮೊದ್ಲು ಗಾಡಿ ಕಳಿಸಮ್ಮ, ಆಮೇಲೆ ಕೇಳುವಂತೆ’ ಅಂತ ರೇಗಿ ಕಟ್ ಮಾಡಿ ತುಮಕೂರಲ್ಲಿದ್ದ ನಮ್ಮ ಯಜಮಾನ್ರಿಗೆ ಫೋನ್ ಹಚ್ಚಿದೆ. ಅಷ್ಟೊತ್ತಿಗೆ ಅಕ್ಕಪಕ್ಕದೋರು ಸೇರಿದ್ರು. ಒಬ್ರು ಕೂರಿಸಿ ಅಂದ್ರು, ಒಬ್ರು ಬಾಯಿಗೆ ನೀರು ಬಿಟ್ರು, ಒಬ್ರು ಕೈಗೆ ಬೀಗದ ಕೈ ಗೊಂಚಲು ಇಟ್ರು, ಆಟೋಗೆ ಹಾಕ್ಕೊಂಡು ಹೋಗೋಣ ಅಂತ ಇಬ್ರು, ಬೇಡ ಅಂತ ಇಬ್ರು. 25 ನಿಮಿಷಕ್ಕೆ ಆಂಬುಲೆನ್ಸ್ ಬಂತು, ಅಷ್ಟರಲ್ಲಿ ಹೋಗಿದ್ರು. ಎದೆ ಒತ್ತಬೇಕಿತ್ತು ಅಂತ ಆಮೇಲೆ ಯಾರೋ ಅಂದ್ರು. ಒತ್ತಿದ್ರೆ ಉಳೀತಿದ್ರಾ? ಆಟೋದಲ್ಲಿ ಹೋಗಿದ್ರೆ? ನಾನು ಫೋನ್ ಕಟ್ ಮಾಡಿದ್ದಕ್ಕೆ ಗಾಡಿ ತಡ ಆಯ್ತಾ? ಆ ಗೊರಕೆ ಸದ್ದು ಈಗ್ಲೂ ಕಿವೀಲಿದೆ, ನಿದ್ದೆ ಬರಲ್ಲ.”

ನಾನು ಎಮರ್ಜೆನ್ಸಿ ವಿಭಾಗದ ಡಾಕ್ಟ್ರು, 17 ವರ್ಷ ಆಯ್ತು. ಅದರಲ್ಲಿ ಮೂರು ವರ್ಷ ಆಂಬುಲೆನ್ಸ್ ಕಾಲ್ ಸೆಂಟರಲ್ಲೇ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಹಾಗಾಗಿ ನೀವಿದ್ದಂಥ ಜಗಲಿಯಿಂದ ಆಸ್ಪತ್ರೆಗೆ ಬಂದು ತಲುಪಿದ ರೋಗಿಗಳನ್ನೂ ನೋಡಿದೀನಿ, ನೀವು ರೇಗಿದ ಆ ಹುಡುಗಿಯ ಪಕ್ಕದ ಕುರ್ಚೀಲೂ ಕೂತಿದೀನಿ.

ಮೊದ್ಲು ಆ ಗೊರಕೆ ಸದ್ದಿನ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಿಮ್ಮನ್ನ ತಿಂತಿರೋದು ಅದೇ. ಹೃದಯ ನಿಂತ ಮೇಲೂ ಮೆದುಳಿನ ಬುಡದಲ್ಲಿ ಸ್ವಲ್ಪ ಜೀವ ಉಳಿದಿರತ್ತೆ, ಅದು ಆಗೊಮ್ಮೆ ಈಗೊಮ್ಮೆ ದವಡೆ, ಗಂಟಲು ಎಳೆಸತ್ತೆ. ಮೀನು ದಡಕ್ಕೆ ಬಿದ್ದಾಗ ಬಾಯಿ ಬಿಡತ್ತಲ್ಲ ಹಂಗೆ. ಗೊರ್ ಅನ್ನತ್ತೆ, ಎಂಟು ಹತ್ತು ಸೆಕೆಂಡ್ ಸುಮ್ನಿರತ್ತೆ, ಮತ್ತೆ ಗೊರ್ ಅನ್ನತ್ತೆ. ಅದು ಉಸಿರಾಟ ಅಲ್ಲ, ಅದರಿಂದ ಸಾಕಷ್ಟು ಗಾಳಿ ಒಳಗೆ ಹೋಗಲ್ಲ. ಹೃದಯ ಹಠಾತ್ತಾಗಿ ನಿಂತೋರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನಕ್ಕೆ ಮೊದಮೊದಲ ನಿಮಿಷಗಳಲ್ಲಿ ಹೀಗಾಗತ್ತೆ. ಇದನ್ನ ಉಸಿರು ಅಂತ ತಿಳ್ಕೊಂಡು ಸುಮ್ನೆ ಕೂತ ನರ್ಸ್‌ಗಳನ್ನ ನಾನು ನೋಡಿದೀನಿ, ಹೊಸದಾಗಿ ಬಂದ ಡಾಕ್ಟ್ರುಗಳನ್ನೂ ನೋಡಿದೀನಿ. ನೀವು ಉಸಿರಾಡ್ತಿದಾರೆ ಅಂದಿದ್ದು ಸುಳ್ಳಲ್ಲ, ನಿಮ್ಮ ಕಣ್ಣಿಗೆ ಕಂಡಿದ್ದನ್ನ ಹೇಳಿದೀರಿ. ಆ ಹುಡುಗಿ “ಉಸಿರು ಹೇಗಿದೆ” ಅಂತ ಎರಡನೇ ಸಲ ಕೇಳಿದ್ದು ಇದಕ್ಕೇನೇ. ಎಚ್ಚರ ಇದೆಯಾ, ಉಸಿರು ಎಂದಿನ ಥರ ಇದೆಯಾ, ಈ ಎರಡಕ್ಕೂ ಇಲ್ಲ ಅಂತ ಉತ್ತರ ಬಂದ್ರೆ ಎದೆ ಒತ್ತೋದು ಶುರು ಮಾಡಿಸ್ಬೇಕು, ಫೋನಲ್ಲಿ ಕೂತೋರ ಕಸುಬಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ.

ಹಾರ್ಟ್ ಅಟ್ಯಾಕ್ ಬೇರೆ, ಹೃದಯ ನಿಲ್ಲೋದು ಬೇರೆ. ನಿಮ್ಮ ಕಡೆ ತೋಟದೋರಿಗೆ ಹೇಳೋದಾದ್ರೆ, ಅಟ್ಯಾಕ್ ಅಂದ್ರೆ ಪೈಪ್ ಕಟ್ಕೊಳ್ಳೋದು, ಮೋಟರ್ ಇನ್ನೂ ಓಡ್ತಿರತ್ತೆ, ಮನುಷ್ಯ ಮಾತಾಡ್ತಿರ್ತಾನೆ, ಬೆವರ್ತಿರ್ತಾನೆ, ಎದೆ ಮೇಲೆ ಕಲ್ಲಿಟ್ಟಂಗಿದೆ ಅಂತಾನೆ. ಪೈಪ್ ಕಟ್ಕೊಂಡು ಕಟ್ಕೊಂಡು ಒಂದು ಹೊತ್ತಲ್ಲಿ ಮೋಟರೇ ಟ್ರಿಪ್ ಆಗಿಬಿಡಬಹುದು, ಅದೇ ಹೃದಯ ನಿಲ್ಲೋದು. ನಿಮ್ಮ ಮಾವನವರಿಗೆ ಬಹುಶಃ ಎರಡೂ ಒಂದರ ಹಿಂದೆ ಒಂದು ಆಗಿದೆ. ಎದೆ ಒತ್ತೋದು ಅಂದ್ರೆ ಮೋಟರ್ ರಿಪೇರಿ ಅಲ್ಲ, ಕರೆಂಟ್ ಬರೋ ತನಕ ಕೈಯಲ್ಲಿ ಸೇದಿ ಗಿಡ ಒಣಗದಂಗೆ ನೋಡ್ಕೊಳ್ಳೋದು. ರಕ್ತ ಸಿಗದಿದ್ರೆ ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳು ಸಾಯೋಕೆ ಶುರು ಆಗತ್ತೆ, ಯಾರೂ ಕೈ ಹಾಕದೆ ಹೋಗೋ ಒಂದೊಂದು ನಿಮಿಷಕ್ಕೂ ಉಳಿಯೋ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳೀತಾ ಹೋಗತ್ತೆ.

ಈಗ ನಿಮ್ಮ ನೇರ ಪ್ರಶ್ನೆ. ಒತ್ತಿದ್ರೆ ಉಳೀತಿದ್ರಾ? ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಪಕ್ಕದಲ್ಲಿದ್ದೋರು ತಕ್ಷಣ ಒತ್ತಿದ್ರೆ ಉಳಿಯೋ ಅವಕಾಶ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಆಗತ್ತೆ, ಅದು ನಿಜ. ಆದ್ರೆ ಆ ಅವಕಾಶ ಮೊದಲೇ ಎಷ್ಟು ಸಣ್ಣದು ಅನ್ನೋದನ್ನೂ ನೀವು ತಿಳ್ಕೋಬೇಕು. ಅಮೆರಿಕದಂಥ ಕಡೆ, ಶಾಕ್ ಕೊಡೋ ಮೆಷಿನ್ ಮಾಲ್ ಗೋಡೆ ಮೇಲೆ ನೇತಾಕಿರೋ ದೇಶದಲ್ಲಿ ಕೂಡ, ಆಸ್ಪತ್ರೆ ಹೊರಗೆ ಹೃದಯ ನಿಂತೋರಲ್ಲಿ ನೂರಕ್ಕೆ ಹತ್ತು ಜನದ ಆಸುಪಾಸು ಉಳೀತಾರೆ, ಅಷ್ಟೇ. ನಿಮ್ಮ ಜಗಲಿ ಮೇಲೆ ಮೆಷಿನ್ ಇರಲಿಲ್ಲ, ಬರೋಕೆ 25 ನಿಮಿಷ ಬೇಕಿತ್ತು. ಒತ್ತಿದ್ರೂ ಹೋಗ್ತಿದ್ದ ಸಾಧ್ಯತೆಯೇ ಹೆಚ್ಚು. ನೀವು ಕೊಂದಿಲ್ಲ, ಕಾಯಿಲೆ ಕೊಂದಿದೆ. ಇದನ್ನ ನಾನು ಡಾಕ್ಟ್ರಾಗಿ ಹೇಳ್ತಿದೀನಿ, ಬಾಯಿಮಾತಿಗಲ್ಲ.

ಫೋನ್ ಕಟ್ ಮಾಡಿದ್ದಕ್ಕೆ ಗಾಡಿ ತಡ ಆಯ್ತಾ ಅಂದ್ರೆ, ಪ್ರಶ್ನೆ ಕೇಳಿದ್ರಿಂದಂತೂ ತಡ ಆಗಿಲ್ಲ. ಎಲ್ಲ ಕೇಳಿ ಮುಗಿಸಿ ಆಮೇಲೆ ಗಾಡಿ ಹೊರಡಿಸ್ತಾರೆ ಅನ್ನೋದು ಜನರಲ್ಲಿರೋ ದೊಡ್ಡ ತಪ್ಪು ಕಲ್ಪನೆ. ನಮ್ಮ ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾಗಿದ್ದು 2008ರಲ್ಲಿ, ಆ ಮಾದರಿ ಸೆಂಟರುಗಳಲ್ಲಿ ಕೆಲಸ ಹಂಚಿರತ್ತೆ. ಫೋನ್ ಎತ್ತೋರು ಒಬ್ರು, ಅವರು ಊರು, ತೊಂದ್ರೆ ಟೈಪ್ ಮಾಡ್ತಿದ್ದಂಗೇ ಇನ್ನೊಬ್ರು ಯಾವ ಗಾಡಿ ಹತ್ರ ಇದೆ ನೋಡಿ ಹೊರಡಿಸ್ತಾರೆ, ಅದೇ ಹಾಲಲ್ಲಿ ಒಬ್ಬ ಡಾಕ್ಟ್ರು ಕೂತಿರ್ತಾರೆ. ಗಾಡೀಲಿ ಇರೋರು ಇಬ್ರು, ಚಿಕಿತ್ಸೆ ಕೊಡೋ ಇಎಂಟಿ ಮತ್ತೆ ಡ್ರೈವರ್. ಡ್ರೈವರ್‌ಗೆ ಅಲ್ಲಿ ಪೈಲಟ್ ಅಂತಾರೆ. ನೀವು ಮಾತಾಡ್ತಿರೋವಾಗ್ಲೇ ಪೈಲಟ್ ಕೀ ತಿರುಗಿಸಿರ್ತಾನೆ, ಹಾಗಾಗಿ ಲೈನಲ್ಲಿ ಇರೋದ್ರಿಂದ ಒಂದು ಸೆಕೆಂಡೂ ಹೋಗಲ್ಲ.

ಆದ್ರೆ ಕಟ್ ಮಾಡಿದ್ರೆ ಎರಡು ನಷ್ಟ ಆಗತ್ತೆ, ಮುಂದೆ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಹೇಳ್ತೀನಿ, ನಿಮ್ಮನ್ನ ಚುಚ್ಚೋಕಲ್ಲ. ಒಂದು, ಏನು ಮಾಡ್ಬೇಕು ಅಂತ ಹೇಳಿಕೊಡೋ ದನಿ ಹೋಯ್ತು. ಇನ್ನೊಂದು, ಪೈಲಟ್ ದಾರಿ ಕೇಳೋಕೆ ಅದೇ ನಂಬರಿಗೆ ಫೋನ್ ಮಾಡ್ತಾನೆ, ಆ ನಂಬರ್ ನೆಂಟರಿಗೆ ಫೋನ್ ಹಚ್ಚಿ ಬ್ಯುಸಿ ಇದ್ರೆ ಅವನು ಕ್ರಾಸಲ್ಲಿ ನಿಂತ್ಕೊಂಡು ಎಡಕ್ಕೋ ಬಲಕ್ಕೋ ಅಂತ ಒದ್ದಾಡ್ತಾನೆ. ಮನೇಲಿ ಎರಡು ಫೋನ್ ಇದ್ರೆ ಒಂದು ಆಂಬುಲೆನ್ಸಿಗೇ ಬಿಡಿ, ಯಜಮಾನ್ರಿಗೆ ಇನ್ನೊಂದರಿಂದ ಮಾಡಿ. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನ ಊರು ಪಕ್ಕದ ತಾಲ್ಲೂಕಲ್ಲೂ ಇರತ್ತೆ, ಕೊಪ್ಪಲು, ಪಾಳ್ಯ, ಹಟ್ಟಿ, ಕಾವಲು ಅಂತ ಎಷ್ಟೋ, ಅದಕ್ಕೆ ಮೊದಲು ತಾಲ್ಲೂಕು, ಹೋಬಳಿ ಹೇಳಿ, ಆಮೇಲೆ ಹಾಲಿನ ಡೈರಿ, ಸ್ಕೂಲು, ಅರಳಿಕಟ್ಟೆ, ಹೆದ್ದಾರಿ ಆದ್ರೆ ಕಿಲೋಮೀಟರ್ ಕಲ್ಲಿನ ನಂಬರ್. ಸೇರಿರೋ ಜನರಲ್ಲಿ ಒಬ್ಬ ಹುಡುಗನ್ನ ಬೈಕ್ ಕೊಟ್ಟು ತಿರುವಿಗೆ ಕಳಿಸಿ, ರಾತ್ರಿ ಆದ್ರೆ ಹೆಡ್‌ಲೈಟ್ ಹಾಕ್ಕೊಂಡು ನಿಂತಿರ್ಲಿ. ಸುತ್ತ ನಿಂತು ಗಾಳಿ ತಡೆಯೋ ಹತ್ತು ಜನಕ್ಕಿಂತ ತಿರುವಲ್ಲಿ ನಿಂತ ಆ ಒಬ್ಬ ಹುಡುಗ ದೊಡ್ಡ ಉಪಕಾರ ಮಾಡ್ತಾನೆ.

ಫೋನಲ್ಲಿ ಹೇಳಿಸ್ಕೊಂಡು ಎದೆ ಒತ್ತೋಕಾಗತ್ತಾ ಅಂತ ಅನುಮಾನ ಬರಬಹುದು. ಆಗತ್ತೆ. ಒಂದು ರಾತ್ರಿ ಪಾಳೀಲಿ ಹೀಗೇ ಒಂದು ಕಾಲ್ ಬಂತು, ಗಂಡ ಬಚ್ಚಲ ಬಾಗಿಲಲ್ಲಿ ಬಿದ್ದಿದಾರೆ ಅಂತ. ಲೈನ್ ನನಗೆ ಕೊಟ್ರು. ಫೋನ್ ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ ಅಂದೆ, ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿ ಊರಿ ಕೂತ್ಕೊಳ್ಳಿ ಅಂದೆ. ನನಗೆ ಆ ಕಡೆದು ಏನೂ ಕಾಣಲ್ಲ, ಕೇಳ್ತಿದ್ದಿದ್ದು ಗಾಜಿನ ಬಳೆ ಸದ್ದು ಒಂದೇ. ಝಲ್, ಝಲ್, ಝಲ್. ನಾನು ಒಂದು ಎರಡು ಮೂರು ನಾಲ್ಕು ಅಂತ ಎಣಿಸ್ತಿದ್ದೆ, ಬಳೆ ಸರಿಯಾಗಿ ನನ್ನ ಎಣಿಕೆ ಮೇಲೆ ಬೀಳ್ತಿತ್ತು. ಸ್ವಲ್ಪ ಹೊತ್ತಿಗೆ ಬಳೆ ಹಿಂದೆ ಬೀಳೋಕೆ ಶುರು ಆಯ್ತು, ಆಯಮ್ಮನಿಗೆ ಸುಸ್ತಾಗಿದೆ ಅಂತ ಗೊತ್ತಾಯ್ತು. ಮನೇಲಿ ಇನ್ಯಾರಿದಾರಮ್ಮ ಅಂದೆ, ಮೈದುನ ಇದಾನೆ ಅಂದ್ರು, ಅವನು ಕೂತ. ಈಗ ಬಳೆ ಇಲ್ಲ, ನನಗೆ ಏನೂ ಗೊತ್ತಾಗ್ತಿಲ್ಲ, ನೀನೇ ಜೋರಾಗಿ ಎಣಿಸಪ್ಪಾ ಅಂದೆ, ಅವನು ಅಳ್ತಾ ಎಣಿಸ್ತಿದ್ದ. ಹೀಗೆ ಇಬ್ರೂ ಬದಲಾಯಿಸ್ಕೊಂಡು 14 ನಿಮಿಷ ಒತ್ತಿದ್ರು. ಆಮೇಲೆ ನಮ್ಮ ಇಎಂಟಿ ದನಿ ಕೇಳ್ತು, ಯಾರೋ ಫೋನ್ ಕಾಲಲ್ಲಿ ತಳ್ಳಿದ ಸದ್ದಾಯ್ತು, ಲೈನ್ ಹೋಯ್ತು. ಅವರಿಬ್ರೂ ಟ್ರೈನಿಂಗ್ ತಗೊಂಡೋರಲ್ಲ, ಲೈನಲ್ಲಿ ಇದ್ರು ಅಷ್ಟೇ.

ಒತ್ತೋದು ಹೇಗೆ ಅಂದ್ರೆ, ಮಂಚ, ಹಾಸಿಗೆ ಮೇಲೆ ಬೇಡ, ಗಟ್ಟಿ ನೆಲ ಬೇಕು. ಎದೆ ನಡುವೆ ಇರೋ ಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಬಗ್ಗಿಸಬೇಡಿ, ಭುಜದ ಭಾರ ಬಿಟ್ಟು ಐದಾರು ಸೆಂಟಿಮೀಟರ್ ಒಳಗೆ ಹೋಗೋ ಹಂಗೆ ಒತ್ತಿ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡಿ, ಆಗಲೇ ಹೃದಯದೊಳಗೆ ರಕ್ತ ತುಂಬ್ಕೊಳ್ಳೋದು. ಎರಡು ನಿಮಿಷಕ್ಕೊಮ್ಮೆ ಜನ ಬದಲಾಯಿಸಿ. ದೊಡ್ಡೋರು ಹಠಾತ್ತಾಗಿ ಬಿದ್ದಾಗ ಬಾಯಿಗೆ ಬಾಯಿಟ್ಟು ಉಸಿರು ಕೊಡೋಕೆ ಬರದಿದ್ರೆ ಬೇಡ, ಬರೀ ಒತ್ತಿದ್ರೆ ಸಾಕು. ನಮ್ಮ ದೇಶದ ಅರಿವಳಿಕೆ ತಜ್ಞರು ಜನಸಾಮಾನ್ಯರಿಗೆ ಹೇಳಿಕೊಡೋದೂ ಇದನ್ನೇ. ಮಕ್ಕಳು, ನೀರಲ್ಲಿ ಮುಳುಗಿದೋರು ಮಾತ್ರ ಬೇರೆ, ಅವರಿಗೆ ಕೊರತೆ ಆಗಿರೋದೇ ಗಾಳಿ, ಉಸಿರು ಕೊಡ್ಲೇಬೇಕು. ಕೃಷಿ ಹೊಂಡ ಇರೋ ಊರಲ್ಲಿ ಇದನ್ನ ಕಲಿತೋರು ಒಬ್ರಾದ್ರೂ ಇರ್ಬೇಕು ಅಂತ ನನ್ನಾಸೆ.

ಪಕ್ಕೆಲುಬು ಮುರಿಯಲ್ವಾ? ಮುರಿಯತ್ತೆ, ವಯಸ್ಸಾದೋರಲ್ಲಿ ಬಹಳ ಸಲ ಮುರಿಯತ್ತೆ, ಕೈಗೆ ಟಕ್ ಅಂತ ಗೊತ್ತಾಗತ್ತೆ, ಮೊದಲ ಸಲ ನನಗೂ ಕೈ ನಡುಗಿತ್ತು. ನಿಲ್ಲಿಸಬೇಡಿ, ಮೂಳೆ ಕೂಡ್ಕೊಳ್ಳತ್ತೆ. ಹೃದಯ ಓಡ್ತಿದ್ದೋರಿಗೆ ತಪ್ಪಾಗಿ ಒತ್ತಿದ್ರೆ? ನೋವಿಗೆ ನರಳ್ತಾರೆ, ಕೈ ತಳ್ತಾರೆ, ಆಗ ನಿಲ್ಲಿಸಿ. ಅಪರೂಪಕ್ಕೆ ಪೆಟ್ಟಾಗಬಹುದು, ಆದ್ರೆ ಒತ್ತದೆ ಬಿಟ್ರೆ ಆಗೋ ನಷ್ಟಕ್ಕೆ ಅದು ಸಮ ಅಲ್ಲ.

ಬೀಗದ ಕೈ, ಈರುಳ್ಳಿ, ಚಪ್ಪಲಿ ವಾಸನೆ ಇದ್ಯಾವುದೂ ಫಿಟ್ಸ್‌ಗೂ ಉಪಯೋಗ ಇಲ್ಲ, ಹೃದಯಕ್ಕೂ ಇಲ್ಲ, ಆದ್ರೆ ಕೈಗೆ ಕೀ ಇಟ್ಟಿದ್ದರಿಂದ ಕೆಡುಕೂ ಆಗಿಲ್ಲ ಬಿಡಿ. ಕೆಡುಕು ಆಗೋದು ಬಾಯಿಗೆ ನೀರು ಬಿಡೋದ್ರಿಂದ, ಎಚ್ಚರ ಇಲ್ಲದೋರಿಗೆ ಅದು ನೇರ ಶ್ವಾಸಕೋಶಕ್ಕೆ ಇಳಿಯತ್ತೆ. ಎಚ್ಚರ ತಪ್ಪಿದೋರನ್ನ ಎತ್ತಿ ಕೂರಿಸೋದೂ ತಪ್ಪು, ತಲೆಗೆ ಹೋಗೋ ಚೂರುಪಾರು ರಕ್ತವೂ ಕೆಳಗಿಳಿಯತ್ತೆ. ಎಚ್ಚರ ಇಲ್ಲ ಆದ್ರೆ ಉಸಿರು ಎಂದಿನಂತೆ ಸರಾಗವಾಗಿದೆ ಅಂದ್ರೆ ಎಡಕ್ಕೋ ಬಲಕ್ಕೋ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಆದ್ರೂ ಆಚೆ ಬರತ್ತೆ, ಉಸಿರು ನೋಡ್ತಾ ಇರಿ. ಇನ್ನು ವಾಟ್ಸಾಪಲ್ಲಿ ಓಡಾಡೋ “ಜೋರಾಗಿ ಕೆಮ್ಮಿ ಹಾರ್ಟ್ ಅಟ್ಯಾಕ್ ತಡೀರಿ” ಅನ್ನೋದನ್ನ ನಂಬಬೇಡಿ, ಕೆಮ್ಮುತ್ತಾ ಕೂತ್ಕೊಂಡು ಫೋನ್ ಮಾಡೋ ಹೊತ್ತು ಕಳ್ಕೋತೀರಿ.

ಆಟೋ ವಿಚಾರ. ಬಿದ್ದ ಮೇಲೆ, ಉಸಿರು ಹಾಗಿದ್ದಾಗ, ಆಟೋ ಬೇಡವಾಗಿತ್ತು, ಬೇಡ ಅಂದ ಆ ಇಬ್ರು ಹೇಳಿದ್ದು ಸರಿ. ಆಟೋದ ಸೀಟಲ್ಲಿ ಮನುಷ್ಯನ್ನ ಮಡಚಿ ಕೂರಿಸಿದ್ರೆ ಎದೆ ಒತ್ತೋಕೆ ಜಾಗವೇ ಇರಲ್ಲ, ದಾರಿ ಪೂರ್ತಿ ಮೆದುಳಿಗೆ ರಕ್ತ ಇರಲ್ಲ. ಆದ್ರೆ ಅದಕ್ಕೂ ಮುಂಚಿನ ಅರ್ಧ ಗಂಟೆ, ಮಾತಾಡ್ತಾ ಸೋಡ ಕುಡೀತಿದ್ರಲ್ಲ, ಆಗ ಹೊರಟಿದ್ರೆ ಒಳ್ಳೇದಿತ್ತು. ಇದನ್ನ ಹೇಳೋಕೆ ನನಗೇ ಕಷ್ಟ ಆಗತ್ತೆ, ಆದ್ರೆ ಗ್ಯಾಸ್ ಅಂತ ಅಂದ್ಕೊಂಡಿದ್ದು ನಿಮ್ಮ ಮಾವನವರೇ, ನಮ್ಮಲ್ಲಿಗೆ ಬರೋ ಅಟ್ಯಾಕ್ ಕೇಸುಗಳಲ್ಲಿ ಜೀರಿಗೆ ನೀರು, ಸೋಡ, ಈನೋ ಕುಡಿಯದೆ ಬಂದೋರೇ ಕಮ್ಮಿ. 40 ದಾಟಿದೋರಿಗೆ, ಬಿಪಿ, ಶುಗರ್ ಇರೋರಿಗೆ, ಎದೆ ಹಿಡ್ಕೊಂಡಂಗಾಗಿ ಬೆವರು ಬಂದ್ರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದ್ರೆ, ಇಸಿಜಿ ತೆಗೆಯೋ ತನಕ ಅದು ಹೃದಯವೇ ಅಂತ ತಿಳ್ಕೊಳ್ಳಿ. ತಕ್ಷಣ ಫೋನ್ ಮಾಡಿ, ಗಾಡಿ ಎಷ್ಟೊತ್ತಾಗತ್ತೆ ಕೇಳಿ. ತುಂಬ ತಡ ಆಗತ್ತೆ, ಮನೇಲಿ ಕಾರಿದೆ, ಆಸ್ಪತ್ರೆ ಹತ್ರ ಇದೆ ಅಂದ್ರೆ ಫೋನಲ್ಲಿರೋರಿಗೆ ಹೇಳಿ ಹೊರಡಿ, ದಾರಿ ಮಧ್ಯ ಆಂಬುಲೆನ್ಸ್ ಎದುರಾಗೋ ಹಂಗೆ ಮಾತಾಡ್ಕೋಬಹುದು. ಇದರಲ್ಲಿ ರಿಸ್ಕ್ ಇಲ್ಲ ಅಂತಲ್ಲ, ದಾರೀಲಿ ಹೃದಯ ನಿಂತ್ರೆ ಕಾರಲ್ಲಿ ಏನೂ ಸಾಮಾನು ಇರಲ್ಲ, ಅದಕ್ಕೇ ಒತ್ತೋಕೆ ಗೊತ್ತಿರೋರು ಜೊತೇಲಿ ಬೇಕು. ರೋಗಿ ತಾನೇ ಗಾಡಿ ಓಡಿಸ್ಕೊಂಡು ಹೋಗೋದು ಮಾತ್ರ ಯಾವ ಕಾರಣಕ್ಕೂ ಬೇಡ, ನಡೆಸೋದೂ ಬೇಡ.

ಮಾತ್ರೆ ಬಗ್ಗೆ ಎಲ್ರೂ ಕೇಳ್ತಾರೆ. ಎಚ್ಚರ ಇರೋರಿಗೆ, ಅಲರ್ಜಿ ಇಲ್ಲ, ಹೊಟ್ಟೆ ಹುಣ್ಣಿನ ರಕ್ತಸ್ರಾವ ಇಲ್ಲ ಅಂದ್ರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು, ಫೋನಲ್ಲಿರೋ ಡಾಕ್ಟ್ರನ್ನ ಕೇಳಿ ಕೊಡಿ. ಮುಖ ಸೊಟ್ಟ ಆಗಿ ಮಾತು ತೊದಲ್ತಿದ್ರೆ ಅದು ಸ್ಟ್ರೋಕ್ ಇರಬಹುದು, ಆಗ ಆಸ್ಪಿರಿನ್ ಬೇಡ. ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಪಕ್ಕದ ಮನೆಯೋರದ್ದು ತಂದು ಇಡಬೇಡಿ, ಬಿಪಿ ಪಾತಾಳಕ್ಕೆ ಇಳಿದುಬಿಡತ್ತೆ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಜಯದೇವದಂಥ ಕಡೆಗೆ ಕಳಿಸಿ ನೋಡ್ತಾರೆ, ಬೇಕಾದ್ರೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ, ಹೊರಗೆ ಅದಕ್ಕೆ ಹತ್ತಾರು ಸಾವಿರ ಆಗತ್ತೆ. ಹಾಗಾಗಿ ನೇರ ಬೆಂಗಳೂರಿಗೇ ಓಡ್ಬೇಕು ಅಂತ ಎರಡೂವರೆ ಗಂಟೆ ಕಳೀಬೇಡಿ.

ಪತ್ರದ ಕೊನೇಲಿ ಇನ್ನೊಂದು ಮಾತು ಬರೆದಿದೀರಿ, ಮುಟ್ಟಿದ್ರೆ ಆಮೇಲೆ ಪೊಲೀಸ್, ಕೋರ್ಟು ಅಂತ ಅಕ್ಕಪಕ್ಕದೋರು ಹಿಂದೆ ಸರಿದ್ರು ಅಂತ. ಆ ಭಯಕ್ಕೆ ಈಗ ಆಧಾರ ಇಲ್ಲ. ಸಹಾಯ ಮಾಡಿದೋರನ್ನ ಕಾಡಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಕೇಂದ್ರದ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿದೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡೀಲಿ 134ಎ ಅಂತ ಒಂದು ಸೆಕ್ಷನ್ನೇ ಸೇರಿದೆ, ನಮ್ಮ ರಾಜ್ಯದ್ದೇ ಪ್ರತ್ಯೇಕ ಕಾನೂನೂ ಇದೆ. ಅಪಘಾತದಲ್ಲಿ ಬಿದ್ದೋರನ್ನ ಆಸ್ಪತ್ರೆಗೆ ಸೇರಿಸಿದೋರು ಇಷ್ಟ ಇಲ್ದಿದ್ರೆ ಹೆಸರು ಹೇಳ್ದೆ ಹೊರಡಬಹುದು, ಆಸ್ಪತ್ರೆಯೋರು ಹಿಡಿದಿಟ್ಕೊಳ್ಳೋ ಹಾಗಿಲ್ಲ. ನಿಮ್ಮದಂತೂ ಮನೆಯೊಳಗಿನ ಕಾಯಿಲೆ.

ನಿದ್ದೆ ವಿಚಾರ. ಆ ಸದ್ದು ಮತ್ತೆ ಮತ್ತೆ ಕೇಳೋದು, ಜಗಲಿ ಕಡೆ ಹೋಗೋಕಾಗದೆ ಇರೋದು, ಇದು ಬಹಳ ಜನಕ್ಕೆ ಆಗತ್ತೆ, ಸಾಮಾನ್ಯವಾಗಿ ಕೆಲ ವಾರದಲ್ಲಿ ತಗ್ಗತ್ತೆ. ನಿಮಗೆ ಎರಡು ತಿಂಗಳಾಗಿದೆ, ಇನ್ನೂ ನಿದ್ದೆ ಇಲ್ಲ ಅಂದ್ರೆ ಕಾಯಬೇಡಿ. ಜಿಲ್ಲಾಸ್ಪತ್ರೇಲಿ ಮನೋವೈದ್ಯರು ಇರ್ತಾರೆ, ಹೋಗೋಕಾಗದಿದ್ರೆ 14416 ಟೆಲಿ ಮಾನಸ್ ನಂಬರಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಯಜಮಾನ್ರ ಜೊತೆ ಆ ದಿನದ್ದು ಮೊದಲಿಂದ ಕೊನೆ ತನಕ ಒಂದು ಸಲ ಕೂತು ಮಾತಾಡಿ. ಅವರು ಅಲ್ಲಿರಲಿಲ್ಲ ಅನ್ನೋ ಸಂಕಟ ಅವರಿಗೂ ಇರತ್ತೆ, ಅವರು ಹೇಳ್ಕೊಂಡಿರಲ್ಲ.

ಆ ಹುಡುಗಿ ಮೇಲೆ ರೇಗಿದೆ, ಅವಳಿಗೆ ಏನನ್ಸಿರಬಹುದು ಅಂತಲೂ ಕೇಳಿದೀರಿ. ಇಷ್ಟು ವರ್ಷದಲ್ಲಿ ಇದನ್ನ ನನ್ನ ಕೇಳಿದೋರು ನೀವೇ ಮೊದಲು. ಅವಳಿಗೆ ನಿಮ್ಮ ಮೇಲೆ ಬೇಜಾರಿಲ್ಲ. ಬೈಗುಳ ಅವರಿಗೆ ದಿನಾ ಇದ್ದದ್ದೇ, ಆಟಕ್ಕೆ ಫೋನ್ ಮಾಡೋರು ಅದಕ್ಕಿಂತ ಹೆಚ್ಚು ನೋಯಿಸ್ತಾರೆ. ಅವರನ್ನ ಕಾಡೋದು ಲೈನ್ ಕಟ್ ಆದ ಮೇಲೆ ಏನಾಯ್ತು ಅಂತ ಗೊತ್ತಾಗದೆ ಇರೋದು. ನಿಮ್ಮ ಕಾಲ್ ಮುಗಿದ ಕೂಡ್ಲೇ ಇನ್ನೊಂದು ರಿಂಗ್ ಆಗಿರತ್ತೆ, ಅವಳು ಎತ್ತಿರ್ತಾಳೆ. ನನ್ನ ಪಕ್ಕ ಕೂರ್ತಿದ್ದ ಒಬ್ಳು ಪಾಳಿ ಮುಗಿದ ಮೇಲೆ ಗಾಡಿಯೋರಿಗೆ ಫೋನ್ ಮಾಡಿ “ಆ ತಾತ ಏನಾದ್ರು ಅಣ್ಣ” ಅಂತ ವಿಚಾರಿಸ್ತಿದ್ಲು, ಒಂದೊಂದು ಸಲ ಉತ್ತರ ಸಿಗೋದು, ಒಂದೊಂದು ಸಲ ಇಲ್ಲ. ಆ ಬಳೆ ಸದ್ದಿನ ಮನೇದು ನಾನು ವಿಚಾರಿಸೋಕೆ ಹೋಗ್ಲಿಲ್ಲ, ಧೈರ್ಯ ಆಗ್ಲಿಲ್ಲ. ಕ್ಷಮೆ ಕೇಳೋಕೆ ಅಂತ ಆ ನಂಬರಿಗೆ ಫೋನ್ ಮಾಡಬೇಡಿ, ಆ ಲೈನ್ ಇನ್ಯಾರಿಗೋ ಬೇಕಿರತ್ತೆ. ನಿಮ್ಮನೆಗೆ ಬಂದ ಆಂಬುಲೆನ್ಸ್ ಯಾವ ಆಸ್ಪತ್ರೆ ಹತ್ರ ನಿಲ್ಲತ್ತೆ ಅಂತ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆ ಕಡೆ ಹೋದಾಗ ಆ ಇಎಂಟಿಗೆ ಹೇಳಿ, ಅವರು ಸೆಂಟರಿಗೆ ಮುಟ್ಟಿಸ್ತಾರೆ. ಹಂಗೇ ಎದೆ ಒತ್ತೋದು ಹೇಗೆ ಅಂತ ಅವರ ಹತ್ರಾನೇ ಕೇಳಿ, ಬಿಡುವಿದ್ರೆ ದಿಂಬು ಇಟ್ಟು ತೋರಿಸಿಕೊಡ್ತಾರೆ.